ಇವತ್ತು ನಮ್ಮಲ್ಲಿ ರಜೆ, ಅಣ್ಣ

ನಾನು ಸಿಡುಕ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವನೆಂದು ತಿಳಿದು ಮೋಸಹೋಗಬಾರದು. ಸಂತೆಕಟ್ಟೆಯಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ವಾಟರ್ ಸರ್ವಿಸ್ ಇದೆ. ಗಾಡಿ ತೊಳೆಯುವ ಜಾಗ, ಅಷ್ಟೆ. ಎರಡು ರ‍್ಯಾಂಪು, ಒಂದು ಪಂಪು, ಒಂದು ಕಂಪ್ರೆಸರ್, ಮೇಲೆ ತಗಡಿನ ಮಾಡು. ಪಂಪು ಓಡುವಾಗ ಮಾತಾಡಬೇಕಾದರೆ ಕಿರುಚಲೇಬೇಕು. ಇಪ್ಪತ್ತು ವರ್ಷ ಕಿರುಚಿ ಕಿರುಚಿ ಈಗ ಪಂಪು ನಿಂತರೂ ನನ್ನ ಸ್ವರ ಇಳಿಯುವುದಿಲ್ಲ. ಮನೆಯಲ್ಲಿ ಅನ್ನ ಕೇಳುವುದೂ ಲಾರಿಯನ್ನು ರಿವರ್ಸ್ ತೆಗೆಸುವ ಸ್ವರದಲ್ಲೇ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ನನ್ನಲ್ಲಿ ಕೆಲಸಕ್ಕೆ ಇಬ್ಬರು. ಒಬ್ಬ ಬಾಗಲಕೋಟೆ ಕಡೆಯವನು. ಇನ್ನೊಬ್ಬ ನೇಪಾಳದವನು, ಆಗ ನಲವತ್ತರ ಆಸುಪಾಸು. ನಾನು ಬರೆಯಬೇಕೆಂದು ಕುಳಿತದ್ದು ಇವನ ಬಗ್ಗೆ. ಅವನಿಗೆ ಉದ್ದದ ಒಂದು ಚಂದದ ಹೆಸರಿದೆ. ಸಂತೆಕಟ್ಟೆಯಲ್ಲಿ ಎಲ್ಲರೂ ಗೂರ್ಖ ಎಂದೇ ಕರೆದರು, ನಾನೂ ಹಾಗೆಯೇ ಕರೆದೆ. ಅವನು ಬಂದು ಎರಡನೆಯ ವರ್ಷಕ್ಕೇ ತುಳು ಕಲಿತ, ಕನ್ನಡವನ್ನು ನಮಗಿಂತ ಸ್ಪಷ್ಟವಾಗಿ ಆಡತೊಡಗಿದ. ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ಇರುತ್ತಿದ್ದ. ಊರಿನಲ್ಲಿ ತಾಯಿ, ಹೆಂಡತಿ, ಒಬ್ಬಳು ಮಗಳು.

ಕೋಣೆಯ ಗೋಡೆಯಲ್ಲಿ ಅವನ ಊರಿನ ಕ್ಯಾಲೆಂಡರ್ ತೂಗುತ್ತಿತ್ತು. ಪ್ರತಿವರ್ಷ ಊರಿಗೆ ಹೋದವನು ಹೊಸತನ್ನು ಸುತ್ತಿ ತರುತ್ತಿದ್ದ. ಹಿಂದಿಯ ಅಕ್ಷರವೇ, ಗಲ್ಫಿನಲ್ಲಿ ಎಂಟು ವರ್ಷ ಹಿಂದಿಯವರ ಜೊತೆ ಇದ್ದ ನನಗೆ ಓದಲು ಬರುತ್ತದೆ. ಆದರೆ ಅದರಲ್ಲಿ ಇಸವಿ ನಮ್ಮದಕ್ಕಿಂತ ಐವತ್ತೇಳು ವರ್ಷ ಮುಂದೆ. "ನಿಮ್ಮವರು ನಮಗಿಂತ ಅಷ್ಟು ಮುಂದೆ ಇದ್ದೀರಲ್ಲ ಮಾರಾಯ, ಮತ್ತೆ ಎಂತಕ್ಕೆ ಇಲ್ಲಿ ಬಂದು ಗಾಡಿ ತೊಳೆಯುವುದು?" ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವನು ನಗುತ್ತಿದ್ದ. ಈಗ ನೆನೆದರೆ ಅದು ತಮಾಷೆಯಲ್ಲ, ಚುಚ್ಚು ಮಾತು.

ಆ ಕ್ಯಾಲೆಂಡರಿನಲ್ಲಿ ಕೆಂಪು ದಿನಗಳು ಎಷ್ಟು! ಶಿವರಾತ್ರಿ, ಬುದ್ಧ ಪೂರ್ಣಿಮೆ, ಹೆಂಗಸರ ತೀಜ್, ಬೆಟ್ಟದವರ ಹೊಸವರ್ಷ ಒಂದು, ಬಯಲಿನವರ ಛಠ್ ಒಂದು. ಎಲ್ಲಕ್ಕಿಂತ ದೊಡ್ಡದು ದಶೈಂ, ನಮ್ಮ ದಸರಾ. ಕೆಂಪು ದಿನ ಬಂದಾಗೆಲ್ಲ ಅವನು ಬೆಳಿಗ್ಗೆ ಪ್ಯಾಂಟು ಮಡಚುತ್ತಾ ಹೊರಬಂದು ನನಗೆ ವರದಿ ಒಪ್ಪಿಸುತ್ತಿದ್ದ:

"ಇವತ್ತು ನಮ್ಮಲ್ಲಿ ರಜೆ, ಅಣ್ಣ."

"ಹೌದಾ? ಹಾಗಾದ್ರೆ ಬೇಗ ಪಂಪ್ ಹಾಕು," ಎನ್ನುತ್ತಿದ್ದೆ ನಾನು.

ಇಬ್ಬರೂ ನಗುತ್ತಿದ್ದೆವು. ಅವನು ಹೋಸ್ ಪೈಪು ಎತ್ತಿಕೊಳ್ಳುತ್ತಿದ್ದ. ಒಂದು ದೇಶವೇ ಬಾಗಿಲು ಹಾಕಿಕೊಂಡು ಹಬ್ಬ ಮಾಡುವ ದಿನ ಅವನು ಮಣಿಪಾಲದ ಹುಡುಗರ ಬೈಕಿನ ಚಕ್ರದಿಂದ ಕೆಸರು ಕೀಳುತ್ತಿದ್ದ.

ರಜೆ ಕೊಡದ ರಾಕ್ಷಸ ನಾನಲ್ಲ. ಪ್ರತಿವರ್ಷ ಆಟಿ ತಿಂಗಳಲ್ಲಿ, ಜಡಿಮಳೆಗೆ ಗಾಡಿ ತೊಳೆಸುವವರೇ ಇಲ್ಲದಾಗ, ಅವನಿಗೆ ಪೂರಾ ಒಂದು ತಿಂಗಳು ಬಿಡುವು. ಊರಿಗೆ ಹೋಗಿ ಗದ್ದೆ ನೆಟ್ಟು ಬರುತ್ತಿದ್ದ. ರಜೆ ಅಂದರೆ ರಜೆ, ಆಟಿಯಾದರೇನು, ದಸರಾ ಆದರೇನು ಎಂಬುದು ನನ್ನ ಲೆಕ್ಕ. ದಸರಾಕ್ಕೆ ಮಾತ್ರ ಬಿಡುತ್ತಿರಲಿಲ್ಲ. ಬಿಡುವುದು ಹೇಗೆ? ಆಯುಧ ಪೂಜೆಗೆ ಮುಂಚಿನ ಒಂದು ವಾರ ನಮ್ಮಂಥವರಿಗೆ ಉಸಿರಾಡಲು ಪುರುಸೊತ್ತಿಲ್ಲ. ವರ್ಷವಿಡೀ ಧೂಳು ಹೊತ್ತು ತಿರುಗಿದ ಗಾಡಿಗೂ ಆ ಒಂದು ದಿನ ಮೈ ತೊಳೆಸಿಕೊಂಡು ಮಾಲೆ ಹಾಕಿಸಿಕೊಳ್ಳಲೇಬೇಕು. ಕೆಮ್ಮಣ್ಣು ಊರಿನ ರಿಕ್ಷಾ, ಕಾಪುವಿನ ಮೀನಿನ ಟೆಂಪೊ, ಕಾರ್ಕಳದ ಬಸ್ಸು, ಎಲ್ಲ ಹೆದ್ದಾರಿಯವರೆಗೆ ಸಾಲು ನಿಲ್ಲುತ್ತವೆ.

ನವಮಿಯ ಮಧ್ಯಾಹ್ನ ಅಂಗಡಿಯಲ್ಲಿ ನಮ್ಮದೇ ಪೂಜೆ. ಪಂಪಿಗೆ, ಕಂಪ್ರೆಸರಿಗೆ, ಜಾಕಿಗೆ, ಸ್ಪ್ಯಾನರ್ ಪೆಟ್ಟಿಗೆಗೆ ನಾನು ಕುಂಕುಮ ಹಚ್ಚುತ್ತಾ ಬರುತ್ತೇನೆ. ಕೊನೆಗೆ ಕೆಲಸದವರ ಹಣೆಗೆ. ಬಾಗಲಕೋಟೆಯವನು ನಿಂತಲ್ಲೇ ಹಚ್ಚಿಸಿಕೊಳ್ಳುತ್ತಾನೆ. ಗೂರ್ಖ ಮಾತ್ರ ಟೊಪ್ಪಿ ತೆಗೆದು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ತಲೆ ತಗ್ಗಿಸುತ್ತಿದ್ದ. ಎಂತ ಭಕ್ತಿಯಪ್ಪ ಇವನಿಗೆ ನಮ್ಮ ದೇವರ ಮೇಲೆ, ಎಂದುಕೊಳ್ಳುತ್ತಿದ್ದೆ.

ಆರು ವರ್ಷ ಹೀಗೇ ಹೋಯಿತು. ಏಳನೆಯ ವರ್ಷ ಆಟಿ ಮುಗಿಸಿ ಬಂದವನ ಮುಖ ಸರಿ ಇರಲಿಲ್ಲ. ತಾಯಿಗೆ ಉಬ್ಬಸ ಜೋರಾಗಿತ್ತಂತೆ. ನಾಲ್ಕು ಹೆಜ್ಜೆ ನಡೆದರೆ ಕುಳಿತುಕೊಳ್ಳುತ್ತಾರಂತೆ. ಮಹಾಲಯ ಅಮಾವಾಸ್ಯೆಗೆ ಇನ್ನೂ ವಾರ ಇರುವಾಗಲೇ ಅವನು ಮೇಜಿನ ಮುಂದೆ ಬಂದು ನಿಂತ. ಹಿಂದೆಯೂ ದಶೈಂಗೆ ರಜೆ ಕೇಳಿದ್ದುಂಟು. ಆದರೆ ಕೇಳಿ ನಕ್ಕು ಹೋಗಿಬಿಡುತ್ತಿದ್ದ. ಈ ಸಲ ಹೋಗಲಿಲ್ಲ.

"ಅಣ್ಣ, ಈ ಸಲ ಟೀಕಾಕ್ಕೆ ಹೋಗ್ಲೇಬೇಕು. ಅಮ್ಮ ಕೇಳ್ತಾ ಇದ್ದಾರೆ."

ಟೀಕಾ ಎಂದರೆ ಏನೆಂದು ಅವನೇ ವಿವರಿಸಿದ. ದಶಮಿಯ ದಿನ ಮನೆಯ ಹಿರಿಯರು ಅಕ್ಕಿ, ಮೊಸರು, ಕುಂಕುಮ ಕಲಸಿ ಕಿರಿಯರ ಹಣೆಗೆ ದಪ್ಪಗೆ ಒತ್ತುತ್ತಾರೆ. ಕತ್ತಲೆ ಕೋಣೆಯಲ್ಲಿ ಮರಳಿನಲ್ಲಿ ಬೆಳೆಸಿದ ಜವೆಗೋಧಿಯ ಹಳದಿ ಮೊಳಕೆಯನ್ನು ಕಿವಿಗೆ ಸಿಕ್ಕಿಸುತ್ತಾರೆ. ಆಶೀರ್ವಾದ ಮಾಡುತ್ತಾರೆ. ಅದು ದಶೈಂ ಬಿಟ್ಟು ಬೇರೆ ಸಮಯದಲ್ಲಿ ಆಗುವುದಿಲ್ಲ. "ಆಟಿಯಲ್ಲಿ ಬರ್ತೀ, ಮಳೆಗೆ ಟೀಕಾ ಹಾಕ್ಲಿಕ್ಕೆ ಆಗ್ತದಾ, ಅಂತ ಅಮ್ಮ ಪ್ರತಿ ವರ್ಷ ಬೈತಾರೆ, ಅಣ್ಣ. ನನ್ನ ಕೈಯಿಂದ ಇನ್ನೊಂದು ಟೀಕಾ ನಿನಗೆ ಇಲ್ಲ ಅಂತ ಈ ಸಲ ಅತ್ತರು."

ನನಗೆ ಆ ವಾರದ ಗಾಡಿಗಳ ಸಾಲು ಕಣ್ಣೆದುರು ಬಂತು. "ಆಯುಧ ಪೂಜೆ ಮುಗಿಸಿ ಹೋಗು," ಎಂದೆ. ಅವನು ಬೆರಳು ಮಡಚಿ ಎಣಿಸಿದ. ನವಮಿಯ ಸಂಜೆ ಇಂದ್ರಾಳಿಯಲ್ಲಿ ರೈಲು ಹತ್ತಿದರೆ ಮುಂಬೈ ಹತ್ತಿರ ಬದಲಿಸಿ ಗೋರಖ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಗಡಿ, ಗಡಿ ದಾಟಿ ಬೆಟ್ಟದ ಬಸ್ಸು, ಮತ್ತೆ ನಡಿಗೆ. ತ್ರಯೋದಶಿ ಮಧ್ಯಾಹ್ನಕ್ಕೆ ಮನೆ. "ಸಾಕು ಅಣ್ಣ, ಹುಣ್ಣಿಮೆವರೆಗೆ ಹಾಕ್ತಾರೆ," ಎಂದು ಕೈ ಮುಗಿದ. ಅವನ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅದೇ ದಿನ ಟಿಕೆಟ್ ಮಾಡಿಸಿದ.

ಬಾಗಲಕೋಟೆಯವನೂ ರಜೆ ಕೇಳಿದ. ಅವನನ್ನು ಅಷ್ಟಮಿಯ ದಿನವೇ ಕಳುಹಿಸಿದೆ. ದಶಮಿಗೆ ಅವರಲ್ಲಿ ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟುವ ಕ್ರಮ. ಅದು ನನಗೆ ಗೊತ್ತಿತ್ತು. ಗೊತ್ತಿದ್ದ ಹಬ್ಬಕ್ಕೆ ಒಂದು ಮಾತಿನಲ್ಲಿ ರಜೆ ಸಿಕ್ಕಿತು. ಇದನ್ನು ನಾನು ಆಮೇಲೆ ಎಷ್ಟು ಸಲ ಯೋಚಿಸಿದ್ದೇನೋ.

ನವಮಿಯ ಮಧ್ಯಾಹ್ನ ಪೂಜೆ ಮುಗಿದು, ಬೂದುಗುಂಬಳ ಒಡೆದು, ಅವನು ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಬ್ಯಾಗು ಕೋಣೆಯ ಹೊಸ್ತಿಲಲ್ಲಿತ್ತು. ಅಷ್ಟರಲ್ಲಿ ಕಾರ್ಕಳದ ಒಬ್ಬ ಬಸ್ ಧಣಿಯ ಫೋನು. ಅವರಲ್ಲಿ ಪೂಜೆ ದಶಮಿಗೆ. ನಾಲ್ಕು ಬಸ್ಸು ಕಳುಹಿಸುತ್ತೇನೆ, ಬೆಳಿಗ್ಗೆಯೊಳಗೆ ಆಗಬೇಕು ಎಂದರು. ಹಳೆಯ ಗಿರಾಕಿ. ನಾನು ಆಯಿತು ಎಂದುಬಿಟ್ಟೆ. ಆಮೇಲೆ ತಿರುಗಿ ನೋಡಿದರೆ ಅಂಗಡಿಯಲ್ಲಿ ಉಳಿದದ್ದು ಅವನೊಬ್ಬ.

"ನಾಳೆಗೆ ದಸರಾ ಮುಗೀತಲ್ಲ ಮಾರಾಯ," ಎಂದೆ. "ನೀನು ಮುಟ್ಟುವಾಗ ಎಲ್ಲ ಖಾಲಿ. ಈಗ ಹೋಗಿ ಎಂತ ಮಾಡ್ತೀ? ದೀಪಾವಳಿಗೆ ಹೋಗು. ಹದಿನೈದು ದಿನ ಬಿಡ್ತೇನೆ, ಆಣೆ ಮಾಡಿ ಹೇಳ್ತೇನೆ."

"ಇಲ್ಲ ಅಣ್ಣ. ನಮ್ಮಲ್ಲಿ ದಶಮಿಗೆ ಶುರು. ಹುಣ್ಣಿಮೆವರೆಗೆ ಉಂಟು."

ಇಲ್ಲಿ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹುಟ್ಟಿದಂದಿನಿಂದ ನಾನು ಕಂಡ ದಸರಾ ದಶಮಿಗೆ ಮುಗಿಯುತ್ತದೆ. ದಶಮಿಗೆ ಶುರುವಾಗುವ ದಸರಾ ಎಲ್ಲಿಯಾದರೂ ಇರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಇವನು ರಜೆ ಉದ್ದ ಮಾಡಲು ಕತೆ ಕಟ್ಟುತ್ತಿದ್ದಾನೆ ಎಂದೇ ತಿಳಿದೆ. "ಹುಣ್ಣಿಮೆಗೆ ಯಾವ ದಸರಾ? ನನಗೆ ಕಿವಿಗೆ ಹೂ ಇಡ್ಬೇಡ," ಎಂದು ಕಿರುಚಿದೆ. ಪಂಪು ಓಡುತ್ತಿರಲಿಲ್ಲ.

ಅವನು ಕೋಣೆಗೆ ಹೋಗಿ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದ. ಬೆರಳಿಟ್ಟು ತೋರಿಸಿದ: ದಶಮಿ ಕೆಂಪು, ಏಕಾದಶಿ ಕೆಂಪು, ದ್ವಾದಶಿ ಕೆಂಪು, ಹುಣ್ಣಿಮೆ ಕೆಂಪು. ನಾನು ನೋಡಿದೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ. ಆ ಕ್ಯಾಲೆಂಡರಿನಲ್ಲಿ ಆದಿತ್ಯವಾರ ಕಪ್ಪು, ಶನಿವಾರ ಕೆಂಪು. ಮೇಲಿಂದ ಕೆಳಗೆ ಶನಿವಾರವೆಲ್ಲ ಕೆಂಪು. ಅವರ ದೇಶದಲ್ಲಿ ವಾರದ ರಜೆ ಶನಿವಾರ ಎಂದು ನನಗೆ ಯಾರು ಹೇಳಿದ್ದರು? ಆರು ವರ್ಷದಲ್ಲಿ ನಾನು ಕೇಳಿದ್ದರೆ ತಾನೇ!

"ನೋಡು, ಆದಿತ್ಯವಾರ ಯಾವುದು ಅಂತ್ಲೇ ಇದನ್ನು ಪ್ರಿಂಟ್ ಮಾಡಿದವನಿಗೆ ಗೊತ್ತಿಲ್ಲ," ಎಂದೆ. "ಇದನ್ನು ಹಿಡ್ಕೊಂಡು ನನಗೆ ಪಂಚಾಂಗ ಹೇಳ್ತೀಯಾ? ಸುಳ್ಳುಗಾರ."

ಅವನು ಕ್ಯಾಲೆಂಡರನ್ನು ಹಿಂದಕ್ಕೆ ಒಯ್ದು ಅದೇ ಮೊಳೆಗೆ ಹಾಕಿದ. ಇಸ್ತ್ರಿ ಅಂಗಿ ಬಿಚ್ಚಿ ಮಡಚಿ ಬ್ಯಾಗಿನ ಮೇಲಿಟ್ಟ. ಮೊದಲ ಬಸ್ಸು ರ‍್ಯಾಂಪು ಹತ್ತುವಾಗ ಹೋಸ್ ಪೈಪು ಅವನ ಕೈಯಲ್ಲಿತ್ತು. ಆ ಹೊತ್ತಿಗೆ ಇಂದ್ರಾಳಿಯಿಂದ ಅವನ ರೈಲು ಹೊರಟಿರಬೇಕು.

ಮರುದಿನ ದಶಮಿ. ಮೂರು ಬಸ್ಸು ಮುಗಿದಿತ್ತು, ನಾಲ್ಕನೆಯದಕ್ಕೆ ನೊರೆ ಹಾಕಬೇಕಿತ್ತು, ಇವನು ಕಾಣಲಿಲ್ಲ. ಹುಡುಕಿಕೊಂಡು ಹಿಂದೆ ಹೋದೆ. ಕೋಣೆಯ ಹೊರಗೆ ನೀರಿನ ಟ್ಯಾಂಕಿನ ಮೇಲೆ ಮೊಬೈಲನ್ನು ಒರಗಿಸಿಟ್ಟು, ಅದರೆದುರು ಮೊಣಕಾಲೂರಿ ಕುಳಿತಿದ್ದ. ಟೊಪ್ಪಿ ತೆಗೆದಿದ್ದ. ವಿಡಿಯೊ ಕರೆ. ಅತ್ತ ಮಗಳು ಫೋನು ಹಿಡಿದಿದ್ದಳು. ಒಂದು ಮುದಿ ಕೈ ಬಂದು ಗಾಜಿನ ಮೇಲೆ ಕೆಂಪು ಅಕ್ಕಿಯನ್ನು ಒತ್ತಿತು. ಇತ್ತ ಪರದೆಯೆಲ್ಲ ಕೆಂಪಾಯಿತು. ಇವನು ಹಣೆಯನ್ನು ತಂದು ಮೊಬೈಲಿಗೆ ತಾಗಿಸಿ ಹಾಗೆಯೇ ಇದ್ದ. ಉಬ್ಬಸದ ಉಸಿರು ನನಗೂ ಕೇಳುತ್ತಿತ್ತು. ನಡುನಡುವೆ ಏನೋ ಮಂತ್ರದ ಹಾಗಿನ ಮಾತು.

ನಾನು ಏನು ಮಾಡಿದೆ? "ಏಯ್, ಬಸ್ಸಿಗೆ ನೊರೆ ಯಾರು ನಿನ್ನ ಅಜ್ಜ ಹಾಕ್ತಾನಾ?" ಎಂದು ಕೂಗಿದೆ. ಥೂ ನನ್ನ ಜನ್ಮಕ್ಕೆ. ಆ ಕೈ ಪರದೆಯಲ್ಲಿ ಒಮ್ಮೆ ನಿಂತಿತು. ಕನ್ನಡ ಅವರಿಗೆ ತಿಳಿಯದು, ಸ್ವರ ತಿಳಿಯುತ್ತದೆ. ಅವನು ಫೋನು ಇಟ್ಟು ಬಂದ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಅವನು ಒಂದು ಬಿಳಿ ಕಾರು ತೊಳೆಯುತ್ತಿದ್ದಾಗ ಹೆಂಡತಿಯ ಫೋನು ಬಂತು. ಒಂದು ಕೈಯಲ್ಲಿ ಫೋನು ಕಿವಿಗೆ, ಇನ್ನೊಂದರಲ್ಲಿ ಪೈಪು. ಮಾತು ಮುಗಿದ ಮೇಲೂ ಕಾರಿನ ನೊರೆಯನ್ನು ಮೇಲಿಂದ ಕೆಳಗೆ ಪೂರ್ತಿ ತೊಳೆದ. ಪಂಪು ಆರಿಸಿದ. ಆಮೇಲೆ ನನ್ನ ಹತ್ತಿರ ಬಂದು, "ಅಮ್ಮ ಹೋದ್ರು ಅಣ್ಣ. ಸೋಪು ಒಣಗಿದ್ರೆ ಕಲೆ ಬೀಳ್ತದೆ, ಅದಕ್ಕೆ ಮುಗಿಸಿ ಬಂದೆ," ಎಂದ.

ನಾನು ಕುರ್ಚಿಯಿಂದ ಎದ್ದೆ. ತ್ರಯೋದಶಿ ಮಧ್ಯಾಹ್ನ ಎಂದರೆ ನಿನ್ನೆ. ನಿನ್ನೆ ಇವನು ಮನೆ ಮುಟ್ಟಬೇಕಿತ್ತು. ಒಂದು ಸಂಜೆ, ಒಂದು ರಾತ್ರಿ ತಾಯಿಯ ಪಕ್ಕದಲ್ಲಿ ಇರುತ್ತಿದ್ದ. ಹಣೆಯ ತುಂಬ ಅಕ್ಕಿ ಇರುತ್ತಿತ್ತು. ಅಕ್ಕಿ ಕಲಸಿದ ತಟ್ಟೆಯನ್ನು ಆಕೆ ದಿನವೂ ಹೊಸತು ಮಾಡಿಸಿ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದರು ಎಂದು ಅವನ ಹೆಂಡತಿ ಹೇಳಿದಳಂತೆ. ಇವನಿಗೆ ರಜೆ ಸಿಕ್ಕಿಲ್ಲವೆಂದು ಅವರು ನಂಬಿರಲಿಲ್ಲವಂತೆ. ಇದನ್ನೆಲ್ಲ ಕೇಳಿ ನಾನು ಆಡಿದ ಮಾತು ಯಾವುದು ಗೊತ್ತೆ?

"ಇಷ್ಟು ಜೋರು ಉಂಟು ಅಂತ ನೀನು ಸರಿಯಾಗಿ ಹೇಳ್ಬೇಕಿತ್ತಲ್ಲ ಮಾರಾಯ."

"ಹೇಳಿದ್ದೆ, ಅಣ್ಣ."

ಅಷ್ಟೇ ಅಂದ. ಸಿಟ್ಟಿಲ್ಲ, ಅಳುವಿಲ್ಲ. ಈಗಲೇ ಹೊರಡು, ವಿಮಾನದಲ್ಲಿ ಕಳುಹಿಸುತ್ತೇನೆ ಎಂದು ನಾನು ಗಡಬಡಿಸಿದೆ. ಅವನು ತಲೆಯಾಡಿಸಿದ. ಇವನು ಮುಟ್ಟುವವರೆಗೆ ಕಾಯುವುದಿಲ್ಲ, ಅಲ್ಲಿ ಚಿಕ್ಕಪ್ಪನ ಮಗ ಬೆಂಕಿ ಕೊಡುತ್ತಾನೆ ಎಂದ. "ಈಗ ಹೋಗಿ ಎಂತ ಮಾಡುವುದು, ಅಣ್ಣ?" ನನ್ನದೇ ಮಾತು. ಬೇಕೆಂದು ಆಡಿದ್ದಲ್ಲ ಅವನು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಸ್ವರ್ಣಾ ನದಿಯ ಬದಿಯಲ್ಲಿ ತಲೆ ಬೋಳಿಸಿ, ಮಿಂದು, ಬಿಳಿ ಬಟ್ಟೆ ಸುತ್ತಿಕೊಂಡು ಬಂದ. ಹದಿಮೂರು ದಿನ ಆ ಕೋಣೆಯಲ್ಲೇ ಸೂತಕ. ದಿನಕ್ಕೆ ಒಂದೇ ಊಟ, ಉಪ್ಪಿಲ್ಲದ್ದು, ಅವನೇ ಬೇಯಿಸಬೇಕು, ಯಾರೂ ಮುಟ್ಟುವಂತಿಲ್ಲ. ನನ್ನ ಹೆಂಡತಿ ಗಂಜಿ ತಂದವಳು ಹೊರಗಿನಿಂದಲೇ ಹಿಂದಿರುಗಿದಳು. ಮನೆಗೆ ಬಂದು ನನ್ನನ್ನು ನೋಡಿ, "ನಿಮಗೆ ಮನುಷ್ಯತ್ವ ಅಂತ ಎಂತಾದ್ರೂ ಉಂಟಾ?" ಎಂದು ಕೇಳಿದಳು. ನಾನು ಮೊದಲ ಸಲ ಉತ್ತರಕ್ಕೆ ಸ್ವರ ಎತ್ತಲಿಲ್ಲ.

ಗಲ್ಫಿನ ಗ್ಯಾರೇಜಿನಲ್ಲಿ ನಾನೂ ಒಬ್ಬ ಅರಬಿಯ ಮೇಜಿನ ಮುಂದೆ ರಜೆಗಾಗಿ ನಿಂತವನೇ. ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಬಾಯಿಯಿಲ್ಲ.

ಹದಿನಾಲ್ಕನೆಯ ದಿನ ಕೆಲಸಕ್ಕೆ ಬಂದಾಗ ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಚಪ್ಪಲಿ, ಬಿಳಿ ಟೊಪ್ಪಿ. ತಾಯಿ ಹೋದರೆ ಮಗ ಒಂದು ವರ್ಷ ಬಿಳಿಯನ್ನೇ ಹಾಕಬೇಕು ಎಂದ. ಗಾಡಿ ತೊಳೆಯುವ ಜಾಗದಲ್ಲಿ! ಗ್ರೀಸು, ಡೀಸೆಲು, ಕೆಂಪು ಕೆಸರು ಮೈಗೆ ಹಾರುವ ಕೆಲಸದಲ್ಲಿ! ಪ್ರತಿ ಸಂಜೆ ಅವನು ಆ ಬಟ್ಟೆಯನ್ನು ಕಲ್ಲಿಗೆ ಹಾಕಿ ಉಜ್ಜುತ್ತಿದ್ದ. ಗಿರಾಕಿಗಳಿಗೆ ತಮಾಷೆ. "ಎಂತ ಗೂರ್ಖ, ಮಣಿಪಾಲದಲ್ಲಿ ಡಾಕ್ಟರ್ ಆದಿಯಾ?" ಎಂದು ಕೇಳುವವರು. ಅವನು ನಗುತ್ತಿದ್ದ. ಒಬ್ಬನ ಕಾಲರ್ ಹಿಡಿಯಲು ನಾನು ಹೋದದ್ದೂ ಉಂಟು, ಅವನೇ ತಡೆದ. ಆ ವರ್ಷವಿಡೀ, ಮೂರು ಮಾರು ದೂರದಿಂದ ಆ ಬಿಳಿ ಬಟ್ಟೆ ಕಂಡಾಗೆಲ್ಲ ನನಗೆ ಅನ್ನ ಇಳಿಯುತ್ತಿರಲಿಲ್ಲ. ಕ್ಷಮಿಸು ಎಂದು ಹೇಳಲು ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಬಾಯಿಂದ ಬಂದದ್ದು ಯಾವುದೋ ಗಾಡಿಯ ವಿಷಯ.

ಇನ್ನೊಂದು ಬದಲಾಯಿತು. ಕ್ಯಾಲೆಂಡರಿನಲ್ಲಿ ಕೆಂಪು ದಿನಗಳು ಬರುತ್ತಲೇ ಇದ್ದವು. "ಇವತ್ತು ನಮ್ಮಲ್ಲಿ ರಜೆ, ಅಣ್ಣ" ಎಂಬ ಮಾತು ಬರುವುದು ನಿಂತುಹೋಯಿತು.

ಹೋದ ವರ್ಷ ಮಹಾಲಯಕ್ಕೆ ತಿಂಗಳಿರುವಾಗಲೇ ನಾನೇ ಅವನ ಕೋಣೆಗೆ ಹೋದೆ. "ಈ ಸಲ ಅಮಾವಾಸ್ಯೆ ಮರುದಿನವೇ ಹೊರಡು. ಹುಣ್ಣಿಮೆವರೆಗೆ ಇರು. ಆಯುಧ ಪೂಜೆ ನಾನು ನೋಡ್ಕೊಳ್ತೇನೆ," ಎಂದೆ. ದೊಡ್ಡ ಉಪಕಾರ ಮಾಡುವವನ ಹಾಗೆ ನಿಂತಿದ್ದೆ.

ಅವನು ಚಾಪೆಯಿಂದ ಎದ್ದು ನಿಂತ. "ಈ ವರ್ಷ ನಮ್ಮ ಮನೆಗೆ ದಶೈಂ ಇಲ್ಲ, ಅಣ್ಣ. ವರ್ಷ ತುಂಬ್ಲಿಕ್ಕೆ ನಾಲ್ಕು ದಿನ ಕಮ್ಮಿ ಆಗ್ತದೆ."

ದಶಮಿಯಿಂದ ಚತುರ್ದಶಿಗೆ ನಾಲ್ಕು ದಿನ. ಸಾವಿನ ಮನೆಗೆ ವರ್ಷ ತುಂಬುವವರೆಗೆ ಟೀಕಾ ಇಲ್ಲ. "ಚತುರ್ದಶಿಗೆ ಅಮ್ಮನ ವರ್ಷದ ಕೆಲಸ, ಅದಕ್ಕೆ ಹೋಗ್ಬೇಕು. ನವಮಿ ಸಂಜೆ ರೈಲಿಗೆ ಬಿಟ್ರೆ ಸಾಕು. ಅಷ್ಟರವರೆಗೆ ಗಾಡಿ ತೊಳೆದು ಮುಗಿಸ್ತೇನೆ," ಎಂದ. ಮುಗಿಸಿದ. ಬಿಳಿ ಬಟ್ಟೆಯಲ್ಲಿ ಆ ವಾರ ಅವನು ತೊಳೆದ ಗಾಡಿಗಳನ್ನು ನಾನು ಎಣಿಸಲಿಲ್ಲ.

ನವಮಿಯ ಮಧ್ಯಾಹ್ನ ಎಂದಿನಂತೆ ಪೂಜೆ. ಪಂಪಿಗೆ ಕುಂಕುಮ ಹಚ್ಚಿದೆ, ಕಂಪ್ರೆಸರಿಗೆ ಹಚ್ಚಿದೆ, ಜಾಕಿಗೆ, ಸ್ಪ್ಯಾನರ್ ಪೆಟ್ಟಿಗೆಗೆ, ಬಾಗಲಕೋಟೆಯವನಿಗೆ. ತಟ್ಟೆ ಹಿಡಿದು ಅವನ ಮುಂದೆ ಬಂದು ಬೆರಳು ಎತ್ತಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಈ ವರ್ಷ ನನಗೆ ಹಾಕ್ಬಾರ್ದು, ಅಣ್ಣ."

ಎತ್ತಿದ ಬೆರಳು ಹಾಗೆಯೇ ನಿಂತಿತು. ಆ ಕ್ಷಣಕ್ಕೆ ನನಗೆ ಹೊಳೆಯಿತು, ಆ ಏಳು ವರ್ಷ ಟೊಪ್ಪಿ ತೆಗೆದು ಕಣ್ಣು ಮುಚ್ಚಿ ಅವನು ಯಾರ ಕೈಗೆ ತಲೆ ಕೊಡುತ್ತಿದ್ದ ಎಂದು. ದಶೈಂ ಹೊತ್ತಿಗೆ ಅವನ ಹಣೆಗೆ ಸಿಗುತ್ತಿದ್ದ ಟೀಕಾ ಅದೊಂದೇ. ಅದೂ ನನ್ನ ಕೈಯಿಂದ. ಜಾಕಿಗೆ ಹಚ್ಚಿ ಉಳಿದದ್ದು.

ಹೊರಗೆ ಐದು ಗಾಡಿ ಕಾಯುತ್ತಿದ್ದವು. ಬಿಟ್ಟು, ನಾನೇ ಅವನನ್ನು ಇಂದ್ರಾಳಿ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಎಲ್ಲ ಗಾಡಿಗಳಿಗೂ ಸೇವಂತಿಗೆ ಮಾಲೆ. ಅವನು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅವುಗಳನ್ನು ನೋಡುತ್ತಾ ಕುಳಿತಿದ್ದ. ಪ್ಲಾಟ್‌ಫಾರ್ಮಿನಲ್ಲಿ ನಾನು ಅವನಿಗೊಂದು ನೀರಿನ ಬಾಟಲಿ ತಂದುಕೊಟ್ಟೆ. ರೈಲು ಬಂತು. ಹತ್ತಿ ಬಾಗಿಲಲ್ಲಿ ನಿಂತ.

"ಯಾವಾಗ ಮುಟ್ತೀ?" ಎಂದು ಕೇಳಿದೆ, ಗೊತ್ತಿದ್ದೂ.

"ತ್ರಯೋದಶಿ ಮಧ್ಯಾಹ್ನ." ರೈಲು ಅಲುಗಿತು. ನನಗೆ ಸಮಾಧಾನವಾಗಲೆಂದು ಅವನು ನಕ್ಕ. "ಈ ಸಲ ಸರಿಯಾದ ಸಮಯಕ್ಕೆ ಮುಟ್ತೇನೆ, ಅಣ್ಣ."